ಸ್ಲೇಟು ಒರೆಸಿದ ಅಳಿಯ

ಒದ್ದೆ ಬಟ್ಟೆ ಕೈಗೆ ಸಿಕ್ಕಿದ್ದೇ ತಿಬೋನ ಗ್ರಹಚಾರವಾಯಿತು. ಬಿಯರ್ ಕುಡಿಯುವ ಲಿಲ್ ಊರಿನಿಂದ ಬರ್ಗಂಡಿಯ ದ್ರಾಕ್ಷಿತೋಟದ ಮನೆಗೆ ಅಳಿಯನಾಗಿ ಬಂದವನು. ವೈನಿನಲ್ಲಿ ಕೆಂಪು ಯಾವುದು, ಬಿಳಿ ಯಾವುದು ಎಂಬಷ್ಟೇ ಅವನಿಗೆ ಗೊತ್ತು. ನೆಲಮಾಳಿಗೆಯ ಬೀಗದ ಕೈಯನ್ನು ಇವತ್ತು ಸಂಜೆ ಊಟದ ಹೊತ್ತಿಗೆ ಒಪ್ಪಿಸುತ್ತೇನೆಂದು ಮಾವ ಅರ್ಮಾಂ ಮಾತು ಕೊಟ್ಟಿದ್ದರು. ಅದು ಸಿಕ್ಕರೆ ಮನೆಯವನಾದ ಹಾಗೆ. ಸಿಗದಿದ್ದರೆ ಜೀವಮಾನವಿಡೀ 'ಆ ಬಿಯರ್ ಹುಡುಗ'.

ಬೆಳಿಗ್ಗೆ ಪೇಟೆಗೆ ಹೊರಟ ಮಾವ ನೆಲಮಾಳಿಗೆಯ ಬಾಗಿಲು ತೆರೆದಿಟ್ಟು, "ಸ್ವಲ್ಪ ಗುಡಿಸಿಡಪ್ಪಾ" ಅಂದಿದ್ದರು. ತಿಬೋ ಗುಡಿಸಿದ. ಸಾಲದೆಂದು ಬಾಟ್ಲಿ ರಾಶಿಗಳ ಮುಂದೆ ತೂಗುಹಾಕಿದ್ದ ಸ್ಲೇಟುಗಳನ್ನೂ ಬಿಡದೆ ಎಲ್ಲ ಒರೆಸಿದ.

ಕೆಲಸಕ್ಕೆ ಹೊರಟಿದ್ದ ಹೆಂಡತಿ ಸೊಲೇನ್ ಒಮ್ಮೆ ಇಣುಕಿದವಳು ಕಿರುಚಿದಳು. "ಅಯ್ಯೋ ದೇವರೇ, ಸ್ಲೇಟೂ ಒರೆಸಿದ್ಯಾ!"

"ಕೊಳೆ ಆಗಿತ್ತು ಕಣೇ."

"ಅದು ಕೊಳೆಯಲ್ಲ ಮಾರಾಯ! ಮಾರೋವಾಗ ಮಾತ್ರ ಬಾಟ್ಲಿಗೆ ಚೀಟಿ ಅಂಟಿಸೋದು. ಅಲ್ಲೀತನಕ ಯಾವ ತೋಟದ್ದು, ಯಾವ ವರ್ಷದ್ದು ಅಂತ ಆ ಸೀಮೆಸುಣ್ಣದ ಬರಹವೇ ಹೇಳ್ಬೇಕು!"

ಅವಳು ಬಸ್ಸಿಗೆ ಓಡಿದಳು. ಕಿರುಚಾಟ ಕೇಳಿ ಪಕ್ಕದ ಮನೆಯ ಗಾಸ್ತೋ ಇಳಿದು ಬಂದ. ಅವನ ಹಿಂದೆಯೇ ಎದುರು ಮನೆಯ ಒದೀಲ್.

"ನಾನಿರೋವಾಗ ಯಾಕಯ್ಯಾ ಹೆದರ್ತೀಯ? ರಾಶಿಗೊಂದು ಬಾಟ್ಲಿ ತೆಗಿ. ಒಂದು ಗುಟುಕಿಗೆ ಹುಟ್ಟಿದ ವರ್ಷ ಹೇಳ್ತೀನಿ," ಅಂದ ಗಾಸ್ತೋ.

"ನಿನ್ನ ನಾಲಿಗೆಗೆ ಸೋಪಿನ ನೀರೂ ಒಂದೇ, ವೈನೂ ಒಂದೇ," ಅಂದಳು ಒದೀಲ್, ತನ್ನ ಲೋಟ ಚಾಚುತ್ತಾ.

ಗಾಸ್ತೋ ಒಂದು ಹೇಳಿದರೆ ಒದೀಲ್ ಇನ್ನೊಂದು. ತಿಬೋ ಬರೆದ, ಅಳಿಸಿದ, ಮತ್ತೆ ಬರೆದ. ಗುಟುಕು ಏರಿದಂತೆಲ್ಲ ಗಾಸ್ತೋನ ಧೈರ್ಯವೂ ಏರಿತು. ಕೊನೆಗೆ ಮೂಲೆಯ ಗೂಡಿನಲ್ಲಿ ಒಂಟಿಯಾಗಿ ಮಲಗಿದ್ದ ಬಾಟ್ಲಿಯನ್ನೂ ಬಿಡಲಿಲ್ಲ.

"ಥೂ! ವಿನೆಗರ್!"

"ಚೆಲ್ಬೇಡಪ್ಪಾ, ನನ್ನ ಸಲಾಡಿಗಾಗುತ್ತೆ," ಎಂದು ಒದೀಲ್ ಬಾಟ್ಲಿಯನ್ನು ಮಡಿಲಿಗೆ ಹಾಕಿಕೊಂಡಳು.

ಸಂಜೆ ತಿಬೋ ತಡೆಯಲಾರದೆ ಸ್ಲೇಟು ಒರೆಸಿದ್ದನ್ನು ಮಾವನ ಮುಂದೆ ಒಪ್ಪಿಕೊಂಡ. ಅರ್ಮಾಂ ಸ್ಲೇಟುಗಳನ್ನೆಲ್ಲ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಲೋ ಅಳಿಯ, ಮೊದಲು ಬರೆದಿದ್ದೂ ಸುಳ್ಳೇ ಕಣೋ! ಈ ಗಾಸ್ತೋನ ಕಣ್ಣು ಒಳ್ಳೇ ಮಾಲಿನ ಮೇಲೆ ಬೀಳ್ದೇ ಇರ್ಲಿ ಅಂತ ನಾನೇ ಬರೆದಿದ್ದು. ಯಾವುದು ಎಲ್ಲಿದೆ ಅಂತ ನಂಗೆ ಕಣ್ಮುಚ್ಚಿದ್ರೂ ಗೊತ್ತು."

ತಿಬೋಗೆ ಹೋದ ಜೀವ ಬಂತು. ಊಟಕ್ಕೆ ಸೊಲೇನ್ ಬಂದಳು; ಒದೀಲ್ ಸಲಾಡಿನ ಬೋಗುಣಿ ತಂದಿಟ್ಟು ತಾನೂ ಕೂತಳು. ಮಾವ ಒಂದು ತುತ್ತು ತಿಂದು, "ಭಲೇ, ಹುಳಿ ಹದವಾಗಿದೆ," ಎಂದು ಹೊಗಳಿ, ಕೀಲಿಕೈ ಮೇಜಿನ ಮೇಲಿಟ್ಟರು.

"ಹೋಗಪ್ಪಾ, ಮೂಲೆ ಗೂಡಿನ ಬಾಟ್ಲಿ ತಗೊಂಡು ಬಾ. ನಿಮ್ಮತ್ತೆ ಮಾದ್ಲೆನ್ ತನ್ನ ಕೊನೇ ಸುಗ್ಗೀಲಿ ಕೈಯಾರೆ ತುಂಬಿಸಿದ್ದು. ಅದು ಎದುರಿಗಿರ್ಲಿ, ಆಮೇಲೆ ಕೀಲಿ ಕೊಡ್ತೀನಿ."

ತಿಬೋ ಒದೀಲ್‌ಳತ್ತ ನೋಡಿದ. ಒದೀಲ್‌ಳ ಕಣ್ಣು ಬೋಗುಣಿಗೆ ಹೋಯಿತು. ಅದನ್ನು ಕಂಡು ಸೊಲೇನ್ ಬಾಯಿಗೆ ಕರವಸ್ತ್ರ ಒತ್ತಿಕೊಂಡಳು.

"ಮಾವ... ಅದು ಹುಳಿಯಾಗಿತ್ತು," ಎಂದ ತಿಬೋ, ಅಳುವ ದನಿಯಲ್ಲಿ.

"ಗೊತ್ತು ಕಣಪ್ಪಾ. ಬಿರಡೆ ಸೋರಿ ಎಷ್ಟೋ ವರ್ಷ ಆಯ್ತು. ಕುಡಿಯೋಕೆ ಅಂತ ಇಟ್ಟಿರ್ಲಿಲ್ಲ."

ಬೆಳಿಗ್ಗೆ ಗುಡಿಸಿ ಸುಮ್ಮನಿದ್ದಿದ್ದರೆ ಎಂದುಕೊಂಡ ತಿಬೋ. ಅರ್ಮಾಂ ಬೋಗುಣಿಯನ್ನು ತಮ್ಮತ್ತ ಎಳೆದುಕೊಂಡರು. ಯಾರಿಗೂ ಬಡಿಸದೆ ಒಂದೊಂದೇ ಎಲೆ ತಿಂದರು. ಮುಗಿದ ಮೇಲೆ ಬ್ರೆಡ್ಡಿನ ತುಂಡಿನಿಂದ ತಳವನ್ನು ಒರೆಸಿ ಒರೆಸಿ, ಅದನ್ನೂ ಬಾಯಿಗಿಟ್ಟುಕೊಂಡರು.

"ಮುಂದಿನ ವರ್ಷ ನೋಡೋಣ," ಎಂದು ಕೀಲಿಕೈಯನ್ನು ಜೇಬಿಗೆ ಹಾಕಿಕೊಂಡರು. "ಗುಡಿಸೋದಷ್ಟೇ, ತಿಳೀತಾ?"