ಮಿತವಾಗಿ ನೀರು ಎಂದ ಆರ್ಕಿಡ್ ಚೀಟಿಯವರಿಗೆ

ಮಾನ್ಯ ಚೀಟಿಯವರೇ,

ಸವಿನಯ ನಮಸ್ಕಾರಗಳು. ತಾವು ನಿಂತಿರುವ ಕುಂಡದ ಆರ್ಕಿಡ್ ಗಿಡದ ಕೊನೆಯ ಎಲೆ ಇದೇ ಮಂಗಳವಾರ ಬೆಳಿಗ್ಗೆ ಏಳೂವರೆಗೆ ಉದುರಿದೆ. ಇದನ್ನು ಮೊದಲು ವರದಿ ಮಾಡಿದವರು ನನ್ನ ಹೆಂಡತಿ ಗೌರವ್ವ. ಪಡಸಾಲೆ ಗುಡಿಸುವಾಗ ಕಸಬರಿಗೆಗೆ ಸಿಕ್ಕ ಎಲೆಯನ್ನು ಆಕೆ ನಾನು ಓದುತ್ತಿದ್ದ ಪೇಪರಿನ ಮೇಲಿಟ್ಟು, “ಇದೊಂದ ಉಳದಿತ್ತು, ಇದನ್ನೂ ಓದ್ರಿ” ಅಂದಳು. ತಾವು ಮಾತ್ರ ಎಂದಿನಂತೆ ನೆಟ್ಟಗೆ, ಹಸಿರಾಗಿ, ಪೂರ್ಣ ಆರೋಗ್ಯದಿಂದ ಇದ್ದೀರಿ ಎಂದು ತಿಳಿಸಲು ಸಂತೋಷವಾಗುತ್ತದೆ.

ತಾವು ಅಧಿಕಾರಿಯಲ್ಲ, ಕಂಪನಿಯೂ ಅಲ್ಲ, ನನ್ನ ನಡುಬೆರಳಿನಷ್ಟು ಉದ್ದದ ಒಂದು ಪ್ಲಾಸ್ಟಿಕ್ ಚೀಟಿ ಎಂಬುದು ನನಗೆ ಗೊತ್ತಿದೆ. ಆದರೂ ದೂರು ತಮಗೇ ಬರೆಯುತ್ತಿದ್ದೇನೆ, ಏಕೆಂದರೆ ಈ ಗಿಡದ ಬಗ್ಗೆ ಲಿಖಿತ ಹೇಳಿಕೆ ಕೊಟ್ಟವರು ಇಡೀ ಉಮದಿಯಲ್ಲಿ ತಾವೊಬ್ಬರೇ. ಹೇಳಿಕೆ ಇಂಗ್ಲಿಷಿನಲ್ಲಿದೆ, ಎರಡೇ ಸಾಲು: ಡೆಂಡ್ರೋಬಿಯಂ ಹೈಬ್ರಿಡ್, ಮಿತವಾಗಿ ನೀರು. ಮೂವತ್ತೊಂದು ವರ್ಷ ಈ ಊರಿನಿಂದ ದಿನಪತ್ರಿಕೆಗೆ ಸುದ್ದಿ ಕಳಿಸಿದ ನಾನು, ಮಾಡಗ್ಯಾಳದ ಕುರಿ ಸಂತೆಗೆ ‘ಭಾರಿ ಸಂಖ್ಯೆಯಲ್ಲಿ’ ಕುರಿ ಬಂದವು ಎಂದು ಯಾರಾದರೂ ಹೇಳಿದರೆ ಸಂತೆಗೇ ಹೋಗಿ ಎಣಿಸಿ ಬರುತ್ತಿದ್ದವನು, ತಮ್ಮ ‘ಮಿತ’ವನ್ನು ಮಾತ್ರ ಒಂದು ಪ್ರಶ್ನೆಯನ್ನೂ ಕೇಳದೆ ಒಪ್ಪಿಕೊಂಡೆ. ನಿವೃತ್ತಿಯಾದ ಮೇಲೆ ಮನುಷ್ಯ ಸುಧಾರಿಸುತ್ತಾನೆ ಎನ್ನುವವರು ನನ್ನನ್ನು ನೋಡಬಹುದು.

ಗಿಡ ನನ್ನದಲ್ಲ. ನಮ್ಮ ಹಿಂದಿನ ಖೋಲಿಯಲ್ಲಿ ಬಾಡಿಗೆಗಿರುವ ನರ್ಸ್ ವಿಜಯಶ್ರೀ ಅವರದು. ಕೊಲ್ಹಾಪುರದಲ್ಲಿ ನೌಕರಿಯಲ್ಲಿದ್ದಾಗ, ತಾನು ಹೆರಿಗೆ ಮಾಡಿಸಿದ ಮೊದಲ ಮಗುವಿನ ಅಜ್ಜಿ ಕೊಟ್ಟ ಗಿಡ ಎಂದು ಅವರು ಹೇಳುತ್ತಾರೆ. ಅಜ್ಜಿ ಈಗಿಲ್ಲ. ಗಿಡ ಬಂದು ಮೂರು ವರ್ಷವಾದರೂ ಒಂದು ಹೂ ಬಿಟ್ಟಿಲ್ಲ. ನವೆಂಬರಿನಲ್ಲಿ ಮೂರು ತಿಂಗಳ ತರಬೇತಿಗೆ ಹೊರಟಾಗ ಕುಂಡವನ್ನು ನನ್ನ ಕೈಗಿಟ್ಟು, “ಹೂವಿನ ಬಣ್ಣಾ ಏನಂತ ನನಗೂ ಗೊತ್ತಿಲ್ರಿ ಕಾಕಾ, ಒಮ್ಮೆ ನೋಡೂ ಆಸೆ ಅದ. ಭಾಳೇನಿಲ್ರಿ, ಚೀಟಿ ನೋಡಿ ನೀರ ಹಾಕ್ರಿ” ಅಂದರು.

ನಾನು ಚೀಟಿ ನೋಡಿದೆ. ಆಮೇಲೆ ಫೋನಿನಲ್ಲಿ ನೋಡಿದೆ. ಡೆಂಡ್ರೋಬಿಯಂ ಎಂಬುದು ಒಂದು ಗಿಡದ ಹೆಸರಲ್ಲ, ಸಾವಿರಕ್ಕೂ ಹೆಚ್ಚು ಬಗೆಯ ಗಿಡಗಳ ಕುಲದ ಹೆಸರು ಎಂದು ಆಗ ತಿಳಿಯಿತು. ‘ಜತ್ತ ತಾಲೂಕಿನ ಒಬ್ಬ ಮನುಷ್ಯ’ ಎಂದಷ್ಟೇ ಬರೆದುಕೊಟ್ಟು ಪೊಲೀಸರನ್ನು ಹುಡುಕಲು ಕಳಿಸಿದಂತಾಯಿತು. ಈ ಕುಲದಲ್ಲಿ ಕೆಲವಕ್ಕೆ ಚಳಿಗಾಲದಲ್ಲಿ ನೀರು ಬಹುತೇಕ ನಿಲ್ಲಿಸಬೇಕಂತೆ, ಅವು ಎಲೆ ಉದುರಿಸಿ ಬರಿಗೋಲಾಗಿ ಆ ಕೋಲಿನ ಗಿಣ್ಣುಗಳಲ್ಲಿಯೇ ಹೂ ಬಿಡುತ್ತವಂತೆ. ಇನ್ನು ಕೆಲವಕ್ಕೆ ಹಾಗೆ ನೀರು ನಿಲ್ಲಿಸಿದರೆ, ಎಲೆ ಉದುರಿದ್ದು ಸಾವಿನ ಸುದ್ದಿಯಂತೆ. ತಮ್ಮವರು ಯಾವ ಕಡೆಯವರು ಎಂದು ಗಿಡ ಬೆಳೆಸುವವರ ಒಂದು ಗುಂಪಿಗೆ ವಿನಯದಿಂದ ಬರೆದು ಕೇಳಿದೆ. ಹೂವಿನ ಬಣ್ಣ ಮತ್ತು ಆಕಾರ ತಿಳಿಸಿದರೆ ಹೆಸರು ಹೇಳುತ್ತೇವೆ ಎಂದು ಉತ್ತರ ಬಂತು. ಹೂ ಬರಬೇಕಾದರೆ ಆರೈಕೆ ಗೊತ್ತಿರಬೇಕು, ಆರೈಕೆ ಗೊತ್ತಾಗಬೇಕಾದರೆ ಹೆಸರು ಬೇಕು, ಹೆಸರು ಸಿಗಬೇಕಾದರೆ ಹೂ ಬರಬೇಕು. ಕಚೇರಿಗಳಲ್ಲಿ ದಾಖಲೆಗೆ ಅಲೆದು ಅನುಭವವಿದ್ದುದರಿಂದ ಈ ಉತ್ತರ ಕಂಡು ನನಗೆ ಮನೆಗೆ ಬಂದಷ್ಟು ಸಮಾಧಾನವಾಯಿತು.

ಎರಡು ಮೂಲಗಳು ಒಪ್ಪಿದರೆ ಸುದ್ದಿ ಅಚ್ಚಿಗೆ ಹೋಗಬಹುದು ಎಂಬುದು ನಾನು ಕಲಿತ ನಿಯಮ. ಫೋನಿನಲ್ಲಿ ಸಿಕ್ಕ ಎರಡು ಪುಟಗಳು ‘ಡಿಸೆಂಬರಿನಲ್ಲಿ ನೀರು ನಿಲ್ಲಿಸಿ’ ಎಂದು ಒಂದೇ ಮಾತು ಹೇಳಿದವು. ಎರಡರ ಫೋಟೋದಲ್ಲಿಯೂ ಗಿಡ ಹಿಡಿದ ಹೆಬ್ಬೆರಳು ಒಂದೇ, ಅದರ ಉಗುರಿನ ಕಪ್ಪು ಕಲೆಯೂ ಒಂದೇ, ಅಂದರೆ ಮೂಲವೂ ಒಂದೇ ಎಂಬುದನ್ನು ನಾನು ಗಮನಿಸಿದ್ದು ಜನವರಿಯಲ್ಲಿ.

ಆದರೆ ಅಷ್ಟರಲ್ಲಿ ಮೂರನೆಯ ಮೂಲವಾಗಿ ಪಕ್ಕದ ಮನೆಯ ಸೋಮನಿಂಗಪ್ಪ ಬಂದಿದ್ದ. ಅವನು ದಾಳಿಂಬೆ ಬೆಳೆಗಾರ. ನಮ್ಮ ಕಡೆ ದಾಳಿಂಬೆಗೆ ಹೂ ಹಿಡಿಸುವ ಮೊದಲು ನಲವತ್ತು ದಿನ ನೀರು ಬಂದ್ ಮಾಡಿ ಗಿಡವನ್ನು ಸೊರಗಿಸುತ್ತಾರೆ. ಅದಕ್ಕೆ ಮರಾಠಿಯಲ್ಲಿ ‘ತಾಣ ಕೊಡುವುದು’ ಎನ್ನುತ್ತಾರೆ. ತಮ್ಮ ಗಿಡವನ್ನು ಸುತ್ತು ಹಾಕಿ ನೋಡಿ ಅವನು, “ಇದಕ್ಕ ಭಾಳ ಸುಖಾ ಆಗೇದ್ರಿ ಕಾಕಾ. ಸುಖದಾಗಿದ್ದಂವಾ ಯಾಕ ಹೂ ಬಿಡ್ತಾನ? ತಾಣ ಕೊಡ್ರಿ” ಅಂದ. ಅಷ್ಟು ಖಚಿತವಾದ ವಾಕ್ಯ ನನಗೆ ಎಲ್ಲಿಯೂ ಸಿಕ್ಕಿರಲಿಲ್ಲ. ಡಿಸೆಂಬರ್ ಇಪ್ಪತ್ತರಿಂದ ನೀರು ನಿಲ್ಲಿಸಿದೆ. ಎಲೆ ಹಳದಿಯಾದಾಗ ಅವನು ನನ್ನ ಕೈ ಕುಲುಕಿ, ಉಳಿದವನ್ನು ಬೀಳಿಸಲು ದಾಳಿಂಬೆಗೆ ಹೊಡೆಯುವ ಔಷಧ ತರಲೇ ಎಂದು ಕೇಳಿದ. ಗೌರವ್ವ ಬಾಗಿಲಲ್ಲಿಯೇ ನಿಂತು, “ಪಂಪ ತಗೊಂಡ ಒಳಗ ಬಂದ್ರ ಮೊದಲ ನಿನಗ ಹೊಡೀತೀನಿ ನೋಡ” ಅಂದದ್ದರಿಂದ ಅದೊಂದು ತಪ್ಪಿತು.

ಇಲ್ಲಿ ನನ್ನ ಮೇಲೆ ನಾನೇ ಕೊಡಬೇಕಾದ ದೂರೊಂದಿದೆ. ಪ್ರತಿ ರವಿವಾರ ವಿಜಯಶ್ರೀ ಫೋನ್ ಮಾಡಿ ಗಿಡ ಹೇಗಿದೆ ಎಂದು ಕೇಳುತ್ತಿದ್ದರು. ಪ್ರತಿ ರವಿವಾರ ನಾನು “ಚಲೋ ಅದವ್ವಾ” ಎನ್ನುತ್ತಿದ್ದೆ. ಮೂವತ್ತೊಂದು ವರ್ಷದಲ್ಲಿ ಎರಡೇ ತಿದ್ದುಪಡಿ ಪ್ರಕಟಿಸಿದವನು ಆರು ವಾರ ಸಾಲಾಗಿ ಸುಳ್ಳು ವರದಿ ಕೊಟ್ಟೆ. ‘ಚಲೋ’ ಎಂದರೆ ಎಷ್ಟು ಎಂದು ಅವರೂ ಕೇಳಲಿಲ್ಲ. ಆ ಮಟ್ಟಿಗೆ ನಾನೂ ತಮ್ಮಂಥದೇ ಒಂದು ಚೀಟಿ.

ಕೊನೆಯ ಎಲೆ ಬಿದ್ದ ದಿನ ನಾನೇ ಫೋನ್ ಮಾಡಿ ಎಲ್ಲ ಹೇಳಿದೆ, ದಾಳಿಂಬೆಯ ಸಂಗತಿಯನ್ನೂ ಬಿಡಲಿಲ್ಲ. ವಿಜಯಶ್ರೀ ಕೊನೆತನಕ ಕೇಳಿಸಿಕೊಂಡರು. ಆಮೇಲೆ, “ಎಲಿ ಹೋದ್ರ ಹೋಗ್ಲಿ ಬಿಡ್ರಿ. ಕೋಲು ಗಟ್ಟಿ ಅದಾವೇನು? ಬೆರಳ ಹಚ್ಚಿ ಒತ್ತಿ ನೋಡಿ ಹೇಳ್ರಿ” ಅಂದರು. ಒತ್ತಿ ನೋಡಿದೆ: ಐದರಲ್ಲಿ ನಾಲ್ಕು ಗಟ್ಟಿ, ಒಂದು ಮೆತ್ತಗೆ. ಹಾಗೆಯೇ ಹೇಳಿದೆ. “ಹಂಗಾರ ಜೀವಾ ಅದ. ನಾ ಬರೂತನಕಾ ಯಾರೂ ಮುಟ್ಟಬ್ಯಾಡ್ರಿ. ಸೋಮಣ್ಣನ್ನಂತೂ ಹತ್ರ ಬಿಡಬ್ಯಾಡ್ರಿ” ಅಂದರು. ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು.

ನಿನ್ನೆಯಿಂದ ಒಂದು ಗಟ್ಟಿ ಕೋಲಿನ ಗಿಣ್ಣಿನಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ಹಸಿರು ಉಬ್ಬು ಕಾಣಿಸುತ್ತಿದೆ. ಅದು ಮೊಗ್ಗೋ, ಮರಿಗಿಡವೋ ನನಗೆ ತಿಳಿಯದು. ಆದ್ದರಿಂದ ಯಾರಿಗೂ ಹೇಳಿಲ್ಲ. ತಾವು ದೊಡ್ಡ ಮನಸ್ಸು ಮಾಡಿ ಒಂದೆರಡು ಅಂಗುಲ ಬೆಳೆದು, ಮಿತವನ್ನು ಯಾವ ತಂಬಿಗೆಯಲ್ಲಿ, ಯಾವ ತಿಂಗಳು, ಯಾವ ಊರಿನ ಬಿಸಿಲಿನಲ್ಲಿ ಅಳೆಯಬೇಕೆಂದು ಬರೆದುಕೊಳ್ಳಬೇಕು, ಸಾಧ್ಯವಾದರೆ ತಮ್ಮ ಗಿಡದ ಅಪ್ಪ-ಅವ್ವನ ಹೆಸರನ್ನೂ ನೆನಪು ಮಾಡಿಕೊಳ್ಳಬೇಕು ಎಂದು ವಿನಂತಿ.

ಬೇರೆ ಯಾರನ್ನು ನಂಬಬೇಕೋ ತಿಳಿಯದ
ತಮ್ಮ ವಿಶ್ವಾಸಿ,
ಶಿವಯೋಗೆಪ್ಪ
ಉಮದಿ, ತಾ. ಜತ್ತ

ತಾ.ಕ.: ಏನಾದರೂ ಹೆಚ್ಚಿನ ಮಾಹಿತಿ ಇದ್ದೀತೆಂದು ಇವತ್ತು ತಮ್ಮನ್ನು ಕಿತ್ತು ತೊಳೆದು ಹಿಂಬದಿ ಓದಿದೆ. ‘ಮಾರಿದ ಮಾಲು ವಾಪಸು ಪಡೆಯುವುದಿಲ್ಲ’ ಎಂದು ಮರಾಠಿ, ಹಿಂದಿ, ಇಂಗ್ಲಿಷ್ ಮೂರರಲ್ಲಿಯೂ ಇದೆ, ಮೂರರಲ್ಲಿಯೂ ಸ್ಪಷ್ಟವಾಗಿದೆ, ಮಿತಿಮೀರಿ ಸ್ಪಷ್ಟವಾಗಿದೆ. ವಿಜಯಶ್ರೀ ಅವರ ಎಸ್‌ಟಿ ಬಸ್ಸು ಬರುವ ರವಿವಾರ ಬೆಳಿಗ್ಗೆ ಹನ್ನೊಂದೂಕಾಲಿಗೆ ಉಮದಿಗೆ ತಲುಪುತ್ತದೆ.