ನಾದಿನಿ ಕಂಪ್ನಿಗೆ ಹನ್ನೊಂದು ರುಜು

ಇದೆಲ್ಲ ನಡೆದಿದ್ದೇ ಕಣ್ರಿ, ನಮ್ಮ ಮನೆದೇವ್ರಾಣೆ. ಒಂದಕ್ಷರ ಸೇರಿಸಿಲ್ಲ. ಬೇಕಾದ್ರೆ ನನ್ನ ನಾದಿನೀನ ಕೇಳಿ. ಇಲ್ಲಿ ಅಮೆರಿಕದಲ್ಲಿ, ರಾಲಿ ಊರ ಕಡೆ ಯಾವ ಪಿಕ್ನಿಕ್ಕಿಗೆ ಹೋದ್ರೂ ತಟ್ಟೆಗೆ ಪುಳಿಯೋಗರೆ ಬೀಳೋಕೆ ಮುಂಚೆ ಅವ್ಳು ಹೇಳೋದು ಇದನ್ನೇ. ಆದ್ರೆ ಅವ್ಳು ಹೇಳೋದ್ರಲ್ಲಿ ನಾನು ಪೆದ್ದ. ಅದಕ್ಕೇ ನಾನೇ ಹೇಳ್ಬೇಕು. ಇಂಥವು ನಿಮಗೇ ಯಾಕಾಗ್ತವೆ ಅಂತ ಕೇಳ್ಬೇಡಿ. ಕೆಲ್ಸ ಮಾಡೋನಿಗೇ ಆಗೋದು. ಸೋಫಾ ಮೇಲೆ ಕೂತೋನಿಗೆ ಏನಾಗ್ತದೆ?

ನಾನು ಮೈಸೂರಲ್ಲಿ ಇಪ್ಪತ್ತೆಂಟು ವರ್ಷ ಸಿಟಿ ಬಸ್ ಕಂಡಕ್ಟರ್. ಓದಿದ್ದು ಏಳ್ನೇ ಕ್ಲಾಸು, ಇಂಗ್ಲಿಷು ಟೂರಿಸ್ಟ್‌ಗಳ ಹತ್ರ ಕಲ್ತಿದ್ದು. ನನ್ನ ಹೆಂಡ್ತಿ ತಂಗಿ ರಾಲಿ ಪಕ್ಕದ ಡರ್ಹಮ್ಮಲ್ಲಿ ನರ್ಸು, ಅವ್ಳೇ ನಮ್ಮಿಬ್ರನ್ನೂ ಕರೆಸ್ಕೊಂಡಿದ್ದು. ಎರಡು ಸಾವಿರದ ಐದ್ರಲ್ಲಿ ಆಸ್ಪತ್ರೆ ಕೆಲ್ಸ ಬಿಟ್ಟು ಸ್ವಂತ ಹೋಮ್‌ಕೇರ್ ಕಂಪ್ನಿ ಶುರು ಮಾಡಿದ್ಲು. ವಯಸ್ಸಾದೋರ ಮನೆಗೆ ಕೆಲ್ಸದೋರನ್ನ ಕಳ್ಸೋದು. ಅವ್ರು ಸ್ನಾನ ಮಾಡ್ಸಿ, ಮಾತ್ರೆ ಕೊಟ್ಟು, ಒಂಚೂರು ಅಡ್ಗೆ ಮಾಡಿಟ್ಟು ಬರ್ತಾರೆ. ದುಡ್ಡು ಕೌಂಟಿ ಕೊಡ್ತದೆ, ನಮ್ಮ ಕಡೆ ಜಿಲ್ಲಾ ಕಚೇರಿ ಇದ್ದಂಗೆ ಅದು.

ಆರು ತಿಂಗ್ಳು ಕಂಪ್ನಿಗೆ ಬೋರ್ಡ್ ಇತ್ತು, ಗಿರಾಕಿ ಇರ್ಲಿಲ್ಲ. ಆಮೇಲೆ ಒಂದು ದೊಡ್ಡ ಕಂಪ್ನಿ ಆ ಕಡೆ ಕೆಲ್ಸ ನಿಲ್ಲಿಸ್ತು. ಅವ್ರ ಹನ್ನೊಂದು ಮನೆ ಕಾಂಟ್ರ್ಯಾಕ್ಟು ನಿಮಗೆ ವರ್ಗ ಮಾಡ್ತೀವಿ ಅಂದ್ರು ಕೌಂಟಿಯೋರು. ಷರತ್ತು ಒಂದೇ. ಹನ್ನೊಂದು ಜನಾನೂ ಕಂಪ್ನಿ ಬದ್ಲಾಯಿಸೋಕೆ ಒಪ್ಗೆ ಐತೆ ಅಂತ ಫಾರಂಗೆ ರುಜು ಹಾಕ್ಬೇಕು, ಶುಕ್ರವಾರ ಸಂಜೆ ಐದ್ರೊಳಗೆ. ಒಂದು ಕಮ್ಮಿ ಆದ್ರೂ ಇಡೀ ಗಂಟು ಬೇರೆಯೋರಿಗೆ, ನಾದಿನಿ ವಾಪಸ್ ಆಸ್ಪತ್ರೆಗೆ.

"ಬಾಗ್ಲಲ್ಲಿ ನೇತಾಡ್ತಿರೋ ತೊಂಬತ್ತು ಜನಕ್ಕೆ ಟಿಕೆಟ್ ಹರಿದೋನು ನಾನು. ಹನ್ನೊಂದು ರುಜು ಏನ್ ಮಹಾ, ನಾನ್ ತರ್ತೀನಿ" ಅಂದೆ. ನಾದಿನಿ ಅವ್ಳ ಅಕ್ಕನ ಮುಖ ನೋಡಿದ್ಲು. ಅಕ್ಕ ಸೂರು ನೋಡಿದ್ಲು.

ಬೀಗದ ಕೈ

ಸೋಮವಾರ ಹಳೇ ಕಂಪ್ನಿ ಮ್ಯಾನೇಜರು ಹನ್ನೊಂದು ಮನೆ ಕೀ ಕೊಟ್ಟ. ಒಂದೊಂದಕ್ಕೂ ಗೇಣುದ್ದ ಪ್ಲಾಸ್ಟಿಕ್ ಚೀಟಿ, ಅದ್ರಲ್ಲಿ ಅಡ್ರೆಸ್ಸು. ಜೇಬಿಗೆ ಹಿಡೀಲಿಲ್ಲ. ನನ್ನ ಜ್ಞಾಪಕಶಕ್ತಿಗೆ ಚೀಟಿ ಯಾಕೆ ಅಂತ ಎಲ್ಲಾ ಕತ್ತರಿಸಿ ಬಿಸಾಕಿ, ಹನ್ನೊಂದನ್ನೂ ಒಂದೇ ರಿಂಗಿಗೆ ಪೋಣಿಸಿ ನಮ್ಮತ್ತೆ ಥರ ಸೊಂಟಕ್ಕೆ ಸಿಕ್ಕಿಸ್ಕೊಂಡೆ.

ಮೊದಲ್ನೇ ಮನೆ ಒಬ್ಬ ರಿಟೈರ್ಡ್ ಟೀಚರಮ್ಮಂದು. ಬೆಲ್ ಮಾಡ್ದೆ, ಉತ್ತರ ಇಲ್ಲ. ಏನೋ ಬಿದ್ದುಗಿದ್ದು ಹೋಗಿದಾಳಾ ಅಂತ ಗಾಬ್ರಿ ಆಗಿ ಕೀ ಹಾಕೋಕೆ ಶುರು ಮಾಡ್ದೆ. ಒಂದ್ನೇದು ಆಗ್ಲಿಲ್ಲ, ಎರಡ್ನೇದು ಆಗ್ಲಿಲ್ಲ. ಆರನೇ ಕೀಗೆ ಪೊಲೀಸ್ ಕಾರ್ ಬಂತು. ಎದ್ರು ಮನೆಯೋರು ಫೋನ್ ಮಾಡಿದ್ರಂತೆ. ಇಳಿದೋನು ಚಿಕ್ಕ ಹುಡ್ಗ, ಮೀಸೆ ಇನ್ನೂ ಯೋಚ್ನೆ ಮಾಡ್ತಿತ್ತು.

ಏನ್ ಮಾಡ್ತಿದೀಯ ಅಂದ. ನಾನು ಸುಳ್ಳು ಹೇಳೋನಲ್ಲ. "ನನ್ನ ಹತ್ರ ಹನ್ನೊಂದು ಮನೆ ಕೀ ಅವೆ. ಇದು ಯಾವುದ್ರದ್ದು ಅಂತ ನೋಡ್ತಿದೀನಿ" ಅಂದೆ. ಅವನ ಕೈ ಮೆಲ್ಲಗೆ ಸೊಂಟಕ್ಕೆ ಹೋಯ್ತು.

ಅಷ್ಟ್ರಲ್ಲಿ ಕಿಟಕಿಯಿಂದ ಟೀಚರಮ್ಮನ ತಲೆ ಬಂತು. "ಅವನಿಗೆ ತೊಂದ್ರೆ ಕೊಡ್ಬೇಡಪ್ಪ. ಈಗ ಏಳ್ನೇದು ಹಾಕ್ತಾನೆ. ನನ್ನ ಲೆಕ್ಕದಲ್ಲಿ ಒಂಬತ್ತನೇದು ಹತ್ತುತ್ತೆ" ಅಂದ್ಲು. ಮೊದಲ್ನೇ ಕೀಯಿಂದ ಅಲ್ಲೇ ನಿಂತು ನೋಡ್ತಿದ್ಲಂತೆ.

ಪೊಲೀಸ್ನೋನು ಹಿಡಿ ತಿರುಗಿಸ್ದ. ಬಾಗ್ಲು ತೆಕ್ಕೊಂತು. ಬೀಗ ಹಾಕೇ ಇರ್ಲಿಲ್ಲ.

ಆಯಮ್ಮ ನಗ್ತಾನೇ ರುಜು ಹಾಕಿದ್ಲು. ಸಾಕ್ಷಿ ಅಂತ ಇರೋ ಜಾಗದಲ್ಲಿ ಪೊಲೀಸ್ನೋನ ಕೈಲೂ ಒಂದು ಹಾಕ್ಸಿದೆ. ಬಂದೋನ್ನ ಸುಮ್ನೆ ಯಾಕ್ ಕಳ್ಸೋದು?

ಅರಿಶಿನ

ಮಂಗಳವಾರ ಸಂಜೆಗೆ ಹನ್ನೊಂದೂ ರುಜು ನನ್ನ ಕೈಲಿ. ಹೇಳ್ದೆ ತಾನೇ, ಏನ್ ಮಹಾ ಅಂತ. ಫಾರಂಗಳನ್ನ ಹೆಂಡ್ತಿ ದೇವ್ರ ಮುಂದೆ ಇಟ್ಲು. ಇಟ್ಟೋಳು ಸುಮ್ನಿರ್ಲಿಲ್ಲ. ಮದ್ವೆ ಕಾಗದಕ್ಕೆ ಹಚ್ಚೋ ಹಾಗೆ ಒಂದೊಂದರ ನಾಲ್ಕೂ ಮೂಲೆಗೆ ಒದ್ದೆ ಅರಿಶಿನ ಹಚ್ಚಿದ್ಲು. ನಮ್ಮ ಮೊದಲ್ನೇ ಕಾಂಟ್ರ್ಯಾಕ್ಟು, ಬರೀ ಕಾಗದ ಹೆಂಗ್ ಕೊಡೋದು? ನನಗೂ ಸರಿ ಅನ್ನಿಸ್ತು. ನಾದಿನಿಗೆ ತೋರಿಸ್ಲಿಲ್ಲ.

ಬುಧವಾರ ಕೌಂಟಿ ಆಫೀಸ್ನಲ್ಲಿ ಕೊಟ್ಟೆ. ಅಲ್ಲೊಬ್ಬ ಆಫೀಸರಮ್ಮ, ಕನ್ನಡಕಕ್ಕೆ ಸರ ಕಟ್ಟಿರೋಳು. ಒಂದು ಫಾರಂ ಎತ್ತಿ ಮೂಸಿದ್ಲು. ಒಳ್ಳೇದಾಗ್ಲಿ ಅಂತ ಹಚ್ಚೋದು ಅಂತ ನಾನು ವಿವರ್ಸ್ದೆ. ನಿಜಕ್ಕೂ ಒಳ್ಳೇ ಹೆಂಗ್ಸು. "ನನಗೆ ಅರ್ಥ ಆಗುತ್ತೆ. ನಮ್ಮ ಮೆಷೀನಿಗೆ ಆಗಲ್ಲ" ಅಂತ ಕಾಪಿ ಮಾಡಿ ತೋರಿಸಿದ್ಲು. ನಾಲ್ಕೂ ಮೂಲೆ ಕರ್ರಗೆ. ಒಂದು ಮೂಲೇಲಿ ತಾರೀಕು ಹೋಗಿತ್ತು, ಇನ್ನೊಂದ್ರಲ್ಲಿ ನಂಬರ್ ಹೋಗಿತ್ತು. ಹೊಸ ಹನ್ನೊಂದು ಫಾರಂ ಕೊಟ್ಟು, ಮತ್ತೆ ರುಜು ಹಾಕಿಸ್ಕೊಂಡು ಬಾ ಅಂದ್ಲು. ಗಡುವು ಅದೇ, ಶುಕ್ರವಾರ ಐದು.

ಹೆಂಡ್ತಿ ಅರಿಶಿನ ಅಂದ್ರೆ ಸುಮ್ನೆ ಅಲ್ಲ. ಮೆಷೀನಿನ ಗಾಜಿಗೆ ಹತ್ತಿದ್ದು ಹೋಗ್ಲೇ ಇಲ್ಲ. ನನ್ನ ಹಿಂದೆ ಒಬ್ಬ ಡೈವೋರ್ಸ್ ಕಾಗದದ ಕಾಪಿ ಮಾಡ್ಸೋಕೆ ನಿಂತಿದ್ದ. ಅವನ ಡೈವೋರ್ಸಿಗೂ ಮುತ್ತೈದೆ ಅರಿಶಿನ ಆಯ್ತು.

ಮನೇಲಿ ನಾದಿನಿ ಕೂಗಾಡ್ಲಿಲ್ಲ. "ಭಾವ, ಈ ಸಲ ಫಾರಂನ ಅಕ್ಕನ ಕೈಗೆ ಕೊಡ್ಬೇಡಿ. ಅಕ್ಕನ್ನ ಫಾರಂ ಇರೋ ರೂಮಿಗೇ ಬಿಡ್ಬೇಡಿ" ಅಂದ್ಲು. ಆವತ್ತು ಊಟ ಮಾಡ್ದೆ ಎದ್ಲು. ಅದು ನನಗೆ ನಾಟ್ತು.

ರಾಹುಕಾಲ

ಗುರುವಾರ ಹತ್ತು ಜನ ಎರಡ್ನೇ ಸಲ ರುಜು ಹಾಕಿದ್ರು. ಹನ್ನೊಂದನೇದು ತಂಬಾಕು ಫ್ಯಾಕ್ಟ್ರಿಲಿ ದುಡ್ದಿದ್ದ ಒಬ್ಬ ತಾತ, ಒಂಟಿ, ಎಂಬತ್ತು ದಾಟಿತ್ತು. ಒಂದು ವಿಷ್ಯಕ್ಕೆ ಎರಡು ಸಲ ರುಜು ಹಾಕಿದ್ ಮಗ ನಾನಲ್ಲ ಅಂದ. ಎಷ್ಟು ಹೇಳಿದ್ರೂ ಅದೇ. ಫಾರಂನ ಅವನ ಟೇಬಲ್ ಮೇಲೇ ಬಿಟ್ಟು, ನಾಳೆ ಬರ್ತೀನಿ ಅಂದೆ.

ಶುಕ್ರವಾರ ಅವನ ಮನೆ ಮುಂದೆ ಕಾರ್ ನಿಲ್ಸಿದಾಗ ಹತ್ತೂವರೆ. ಹೆಂಡ್ತಿ ಫೋನು. "ಇಳೀಬೇಡಿ, ಹನ್ನೆರಡ್ರ ತನಕ ರಾಹುಕಾಲ" ಅಂದ್ಲು. ಕ್ಯಾಲೆಂಡರ್ ಮೈಸೂರಿಂದು, ಅಲ್ಲಿ ರಾಹುಕಾಲ ನೀನು ಏಳೋಕೆ ಮುಂಚೆನೇ ಮುಗ್ದೈತೆ ಅಂದೆ. "ನೀವೇನ್ ಮೈಸೂರಲ್ಲಿ ಕೂತಿದೀರಾ?" ಅಂದ್ಲು. ಅರಿಶಿನ ಹಚ್ಚಿಯೇ ಹಿಂಗಾಯ್ತು, ಇನ್ನು ರಾಹುಕಾಲದಲ್ಲಿ ಹೋದ್ರೆ ಏನ್ ಗತಿ? ಕಾರಲ್ಲೇ ಕೂತೆ.

ಹನ್ನೆರಡಕ್ಕೆ ಯಾರೋ ಗಾಜು ತಟ್ಟಿದ್ರು. ತಾತ, ವಾಕರ್ ಹಿಡ್ಕೊಂಡು.

"ಒಂದೂವರೆ ಗಂಟೆಯಿಂದ ನನ್ನ ಮನೆ ನೋಡ್ತಾ ಕೂತಿದೀಯಲ್ಲ, ಕೊಂಡ್ಕೋತೀಯಾ?"

ದಿನಾ ಒಂದೂವರೆ ಗಂಟೆ ಕೆಟ್ಟ ಕಾಲ ಇರ್ತದೆ, ಅದ್ರಲ್ಲಿ ನಾವು ಹೊಸ ಕೆಲ್ಸ ಶುರು ಮಾಡಲ್ಲ ಅಂತ ಹೇಳ್ದೆ. ತಾತ ಗಮನ ಇಟ್ಟು ಕೇಳ್ದ.

"ಈಗ ಮುಗೀತಾ?"

"ಮುಗೀತು."

"ರಮ್ಮಿ ಬರುತ್ತಾ?"

"ಡಿಪೋದಲ್ಲಿ ನನ್ನನ್ನ ಸೋಲ್ಸಿದ ಗಂಡ್ಸಿಲ್ಲ" ಅಂದೆ.

"ಹಾಗಾದ್ರೆ ಒಳಗ್ ಬಾ. ನಿನ್ನ ಕೆಟ್ಟ ಕಾಲ ಈಗ ಶುರು."

ರಮ್ಮಿ

ಆಟಕ್ಕೆ ಐದು ಡಾಲರ್. ನಾನು ಒಂದೇ ಒಂದು ಗೆದ್ರೂ ರುಜು ಹಾಕ್ತೀನಿ ಅಂದ. ಒಂದಲ್ಲ, ಎಲ್ಲಾ ಗೆದ್ದು ಅವನ ವಾಕರ್ನೂ ತಗೊಂಡ್ ಹೋಗ್ತೀನಿ ಅಂದ್ಕೊಂಡೆ.

ಮೊದಲ್ನೇದು ಸೋತೆ, ಬಿಡಿ, ಕೈ ಪಳಗ್ಬೇಕು. ಎರಡ್ನೇದೂ ಸೋತೆ. ನಮ್ಮ ಕಡೆ ರಮ್ಮಿಗೆ ಹದಿಮೂರೆಲೆ, ಅವನು ಹಂಚೋದು ಏಳೆಲೆ. ಅರ್ಧ ಎಲೇಲಿ ಪೂರ್ತಿ ಬುದ್ಧಿ ತೋರ್ಸು ಅಂದ್ರೆ ಹೆಂಗೆ? ನಾನು ಸೋತಿದ್ದಕ್ಕೆ ಅದೊಂದೇ ಕಾರಣ. ಪ್ರತಿ ಆಟ ಮುಗಿದ್ ಮೇಲೂ ತಾತ ಒಂದು ಕಾಗದದ ಮೇಲೆ ನನ್ನ ಹೆಸ್ರು ಬರೆದು, ಪಕ್ಕದಲ್ಲಿ ಐದು ಬರ್ಕೊಳ್ಳೋನು. ನಾದಿನಿ ಮೂರು ಸಲ ಫೋನ್ ಮಾಡಿದ್ಲು. ಆಗ್ತಾ ಐತೆ, ಆಗ್ತಾ ಐತೆ ಅಂದೆ.

ನಾಲ್ಕು ಗಂಟೆಗೆ ಹತ್ತನೇ ಆಟಾನೂ ಸೋತೆ. ಎಲೆ ಕೆಳಗಿಟ್ಟೆ. ಚೆಕಿಂಗ್ ಇನ್ಸ್‌ಪೆಕ್ಟರಿಗೂ ಕೈ ಮುಗೀದೋನು ನಾನು, ಆವತ್ತು ಮುಗ್ದೆ. "ತಾತ, ಐದಕ್ಕೆ ಆಫೀಸ್ ಮುಚ್ತದೆ. ಆ ಹುಡ್ಗಿ ಇದ್ದ ಕೆಲ್ಸ ಬಿಟ್ಟು ಈ ಕಂಪ್ನಿ ಮಾಡಿದಾಳೆ. ನಾನ್ ಸೋತೆ, ಅವ್ಳನ್ನ ಸೋಲಿಸ್ಬೇಡ" ಅಂದೆ.

ತಾತ ಆ ಲೆಕ್ಕದ ಕಾಗದ ತಿರುಗಿಸ್ದ. ನಮ್ಮ ಫಾರಂ. ಕೆಳಗಡೆ ಅವನ ರುಜು, ಗುರುವಾರದ ತಾರೀಕು.

"ನಿನ್ನೆ ನೀನು ಕಾರ್ ಹತ್ತೋಕೆ ಮುಂಚೆನೇ ಹಾಕಿದ್ದೆ" ಅಂದ. ಮತ್ತೆ ಹೇಳೋದಲ್ವಾ ಅಂದೆ. "ಹಳೇ ಕಂಪ್ನಿಯೋರು ಯಾರೂ ಆಟಕ್ಕೆ ಕೂರ್ತಿರ್ಲಿಲ್ಲ. ಹೇಳಿದ್ರೆ ನೀನು ಹೋಗ್ಬಿಡ್ತಿದ್ದೆ. ನಿನ್ನಷ್ಟು ಕೆಟ್ಟದಾಗಿ ಆಡೋನು ನನಗೆ ಮತ್ತೆ ಸಿಗ್ತಾನಾ?"

ಐವತ್ತು ಡಾಲರ್ ಎಣ್ಸಿದೆ. ಆದ್ರೆ ಸೊನ್ನೆಗೆ ನಿಲ್ಲೋ ದುಡ್ಡು ನಮ್ಮೋರು ಯಾರಿಗೂ ಕೊಡಲ್ಲ, ಇನ್ನೊಂದು ಮೇಲೆ ಇಟ್ಟೆ. ಅದು ಯಾತಕ್ಕೆ ಅಂದ. ಹಂಗೆ ಕೊಟ್ರೇ ಒಳ್ಳೇದು ಅಂದೆ. ಸರಿ ಅಂತ ಅದನ್ನೂ ಬರೆದು, ಕೂಡಿ, ಕೆಳಗೆ ಗೆರೆ ಎಳೆದು ಕೊಟ್ಟ.

ಐದಕ್ಕೆ ಹತ್ತು ನಿಮಿಷ ಇರ್ಬೇಕಾದ್ರೆ ಕೌಂಟಿ ಆಫೀಸಿಗೆ ನುಗ್ಗಿದೆ. ನಾದಿನಿ ಕೌಂಟರ್ ಹಿಡ್ಕೊಂಡು ನಿಂತಿದ್ಲು. ಆಫೀಸರಮ್ಮ ಮೊದ್ಲು ನಾಲ್ಕೂ ಮೂಲೆ ನೋಡಿದ್ಲು. ಬೆಳ್ಳಗಿತ್ತು. ಸೀಲ್ ಒತ್ತಿದ್ಲು. ಹನ್ನೊಂದಕ್ಕೆ ಹನ್ನೊಂದು, ಮನೆಗಳು ನಮ್ಮವು. ನಾದಿನಿ ಉಸಿರು ಬಿಟ್ಟಿದ್ದು ನನಗೆ ಕೇಳಿಸ್ತು.

ಆಮೇಲೆ ಆಯಮ್ಮ ಫಾರಂ ತಿರುಗಿಸಿದ್ಲು. ಎರಡೂ ಕಡೆ ಕಾಪಿ ಮಾಡ್ಬೇಕು, ರೂಲ್ಸು. ಕನ್ನಡಕ ಏರಿಸ್ಕೊಂಡು ಒಂದೊಂದೇ ಸಾಲು ಓದಿದ್ಲು. ಹತ್ತು ಸಲ ನನ್ನ ಹೆಸ್ರು, ಹತ್ತು ಸಲ ಐದು, ಕೊನೇಗೆ ಒಂದು. ನಾದಿನಿ ಕಡೆ ತಿರುಗಿ, ನಗದೆ ಮಾಡದೆ, "ಈ ಖರ್ಚನ್ನ ಕೌಂಟಿ ಬಿಲ್ಲಿಗೆ ಸೇರಿಸ್ತೀರಾ?" ಅಂತ ಕೇಳಿದ್ಲು.

ಒಂದು ವಾರದಿಂದ ಹಲ್ಲು ಬಿಡದೋಳು, ಆ ಹುಡ್ಗಿ ಅಲ್ಲೇ ನೆಲದ ಮೇಲೆ ಕೂತು ನಕ್ಕಿದ್ದು ನೋಡ್ಬೇಕಿತ್ತು ನೀವು. ಆ ಫಾರಂ ಕಾಪಿಗೆ ಕಟ್ಟು ಹಾಕ್ಸಿ ತನ್ನ ಆಫೀಸ್ ಗೋಡೆಗೆ ನೇತುಹಾಕಿದಾಳೆ, ರುಜು ಇರೋ ಕಡೆ ಗೋಡೆಗೆ, ಲೆಕ್ಕ ಇರೋ ಕಡೆ ಜನಕ್ಕೆ. ನಾನು ಸೋತಿದ್ದು ನೂರು ಅಂತ ಪಿಕ್ನಿಕ್ಕಲ್ಲಿ ಹೇಳ್ತಾಳೆ, ನಂಬ್ಬೇಡಿ. ಸೀಲ್ ಬಿದ್ದ ಕಾಗದ ಸಾಕ್ಷಿ: ಐವತ್ತೊಂದು ಡಾಲರ್.