ಮೂರನೆಯ ಮಡಿ

ಬದನೆ ಗಿಡದ ಬುಡದಲ್ಲಿ ಯಾರದೋ ಹೆಜ್ಜೆ ಮೂಡಿತ್ತು. ನಿನ್ನೆ ತೂಗುತ್ತಿದ್ದ ಕಾಯಿಗಳಲ್ಲಿ ಅರ್ಧ ಮಾಯವಾಗಿದ್ದವು. ಎಳ್ಳಮಾವಾಸ್ಯೆಯ ಬೆಳಗ್ಗೆ ಹಲ್ಲುಜ್ಜುತ್ತ ಬಂದ ಕಂಟ್ರೋಲರ್ ಅಣ್ಣಾರಾಯ ಬೇವಿನ ಕಡ್ಡಿಯನ್ನು ಇನ್ನೇನು ನುಂಗಿಬಿಡುತ್ತಿದ್ದ.

ಜೇವರ್ಗಿಯ ಬಸ್ ನಿಲ್ದಾಣದಲ್ಲಿ ಸೀಟಿ ಊದಿ ಬಸ್ಸು ಬಿಡುವುದು ಅವನ ನೌಕರಿ. ಆ ಸೀಟಿಗೆ ಡ್ರೈವರುಗಳು ಹೆದರುತ್ತಿದ್ದರು, ಮಾವ ಬಸವಂತರಾಯರು ಮಾತ್ರ ಹೆದರುತ್ತಿರಲಿಲ್ಲ. ಯಡ್ರಾಮಿಯಲ್ಲಿ ಕೂರಿಗೆಗಟ್ಟಲೆ ಹೊಲವಿದ್ದ ಆ ಹಿರಿಯರು ಮಗಳ ಮದುವೆಯಾದಂದಿನಿಂದ ನಾಲ್ಕು ಜನರ ಮುಂದೆ ಒಂದೇ ಮಾತು ಹೇಳುತ್ತ ಬಂದಿದ್ದರು: "ನಮ್ಮ ಅಳಿಯಂದ್ರಿಗೆ ಮಣ್ಣಂದ್ರ ಬಸ್ಸಿನ ಗಾಲಿಗೆ ಹತ್ತಿದ್ದಷ್ಟ ಗೊತ್ತು." ನಗುತ್ತಲೇ ಹೇಳುತ್ತಿದ್ದರು. ಅದಕ್ಕೇ ಅಣ್ಣಾರಾಯನಿಗೆ ಹೆಚ್ಚು ಉರಿಯುತ್ತಿತ್ತು.

ಆ ವರ್ಷ ಓಣಿಯವರೆಲ್ಲ ಕೂಡಿ ಹಿಂದಿನ ಬಯಲಿನಲ್ಲಿ ಸಾಲಾಗಿ ಎಂಟು ಮಡಿ ಮಾಡಿ, ಕಾಯಿಪಲ್ಯ ಬೆಳೆದುಕೊಳ್ಳಲು ಮನೆಗೊಂದು ಹಂಚಿಕೊಂಡಿದ್ದರು. ಹಂಚಿದವರು ಓಣಿಯ ಹಿರಿಯ ಇಮಾಮಸಾಬರು. ನಿಜಾಮನ ಕಾಲದಲ್ಲಿ ಉರ್ದು ಶಾಲೆ ಕಲಿತು ಮುನಶಿಯಾಗಿದ್ದವರು, ಅವರ ಲೆಕ್ಕಕ್ಕೆ ಎದುರಾಡುವವರಿರಲಿಲ್ಲ. ಹಂಚಿಕೆಯ ದಿನ ಅಣ್ಣಾರಾಯ ಡ್ಯೂಟಿಯ ಮೇಲಿದ್ದ. ಸಂಜೆ ದಾರಿಯಲ್ಲಿ ಸಿಕ್ಕ ಇಮಾಮಸಾಬರು, "ನಿಮ್ದು ಮೂರನೇದು" ಅಂದರು. ಅಣ್ಣಾರಾಯ ಎಣಿಸಿ, ಮೂರನೆಯ ಮಡಿಗೆ ಗುದ್ದಲಿ ಹಾಕಿದ.

ಆಮೇಲೆ ಅವನನ್ನು ಹಿಡಿಯುವವರಿಲ್ಲ. ಹೊತ್ತು ಹುಟ್ಟುವ ಮೊದಲೇ ಎದ್ದು ಬಾವಿಯಿಂದ ನೀರು ಹೊತ್ತ. ಅಗೆದಾಗ ಸಿಕ್ಕ ಕಲ್ಲನ್ನೆಲ್ಲ ಸಾಲಿನ ಆ ತುದಿಯ ಕಡೆ ಬೀಳು ಬಿದ್ದಿದ್ದ ಇನ್ನೊಂದು ಮಡಿಗೆ ಎಸೆದ. "ಯಾವ ಮೈಗಳ್ಳಂದೋ ಏನೋ" ಎಂದು ದಿನಾ ಬೈದುಕೊಂಡೂ ಎಸೆದ. ಬದನೆ ಕಾಯಿ ಬಿಟ್ಟಾಗ ಹೆಂಡತಿ ಮಾಣಿಕಮ್ಮನಿಗೂ ಒಂದನ್ನೂ ಹರಿಯಗೊಡಲಿಲ್ಲ. ಎಳ್ಳಮಾವಾಸ್ಯೆಗೆ ಎಲ್ಲರೂ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಅಡುಗೆಯ ಎಡೆಯೆಂದು ಚರಗ ಚೆಲ್ಲಿ, ಹೊಲದಲ್ಲಿ ಕಾಲಿಟ್ಟವರಿಗೆಲ್ಲ ಉಣ್ಣಿಸುವ ಪದ್ಧತಿ. "ಈ ಸರ್ತಿ ನಮ್ಮ ಹೊಲಕ್ಕ ಬರ್ರಿ, ಮಾವಾರ" ಎಂದು ಅವನು ಯಡ್ರಾಮಿಗೆ ಹೇಳಿ ಕಳಿಸಿದ್ದ. ಮಾವ ಹತ್ತರ ಬಸ್ಸಿಗೆ ಬರುವವರಿದ್ದರು. ಅಷ್ಟರೊಳಗೆ ಕಳ್ಳ ಉಳಿದ ಕಾಯಿಯನ್ನೂ ಒಯ್ದರೆ ಮಾವನಿಗೆ ತೋರಿಸುವುದು ಬರೀ ಎಲೆ.

ಅಣ್ಣಾರಾಯ ಹೋಗಿ ಇಮಾಮಸಾಬರನ್ನು ಎಬ್ಬಿಸಿದ. ಕರೆಯದಿದ್ದರೂ ಪಕ್ಕದ ಮನೆಯ ಹುಲೆಪ್ಪ ಬಂದ. ಯಾರ ಮನೆಯಲ್ಲಿ ಒಗ್ಗರಣೆ ಸಿಡಿದರೂ ಬಾಗಿಲಲ್ಲಿ ನಿಲ್ಲುವ ಆಸಾಮಿ ಅವನು.

"ಕಳ್ಳನ್ನ ನೋಡೀರೇನ್ರಿ?" ಅಣ್ಣಾರಾಯ ಕೇಳಿದ.

"ಕಳ್ಳ ಎಲ್ಲಿಂದ ಬರ್ತಾನ್ರಿ? ಆ ಮಡಿಯವರನ್ನ ಬಿಟ್ರ ಅಲ್ಲಿ ಯಾರೂ ಕಾಯಿ ಹರದಿದ್ದು ನಾ ನೋಡಿಲ್ಲ" ಅಂದ ಹುಲೆಪ್ಪ.

"ಮತ್ತೇನು ಭೂತ ತಿಂತೇನು? ಕೇಳ್ರಿ ಮುನಶಿಯವರ, ಇವತ್ತ ಒಂದು ಕಾಯ್ದೆ ಆಗ್ಲಿ. ಮಂದಿ ಮಡಿಯಾಗ ನುಗ್ಗಿದಾಂವ ಯಾರ ಇರ್ಲಿ, ಮುಂದಿನ ಎಳ್ಳಮಾಸಿ ತನಕಾ ಆ ಮಡಿಗೆ ದಿನಾ ನೀರು ಹಾಕಬೇಕು."

"ಭಾಯಿ, ಹಬ್ಬದ ದಿನ ಯಾಕ್ರಿ ಇದೆಲ್ಲಾ?"

"ಹಾಕಬೇಕಂದ್ರ ಹಾಕಬೇಕು! ನಾನೇ ನುಗ್ಗಿದ್ರೂ ಅಷ್ಟ!"

ಇಮಾಮಸಾಬರು "ಮಂಜೂರ್" ಅಂದರು. ಅವರಿಗೆ ಇನ್ನೂ ಚಹಾ ಆಗಿರಲಿಲ್ಲ.

ಅಣ್ಣಾರಾಯ ಮಡಿಯ ಸುತ್ತ ಜಾಲಿ ಮುಳ್ಳು ಹಾಸಿ, ಸೀಟಿ ಬಾಯಲ್ಲಿಟ್ಟುಕೊಂಡು ಜೋಳದ ಕಣಕಿಯ ಬಣವೆಯ ಹಿಂದೆ ಅಡಗಿ ಕೂತ. ಮೊದಲು ಬಂದದ್ದು ಒಂದು ಕೋಳಿ. ಸೀಟಿ ಕೇಳಿ ದಿಕ್ಕೆಟ್ಟ ಕೋಳಿ ಹೊರಗೆ ಹೋಗುವ ಬದಲು ಬದನೆಯ ಪಕ್ಕ ಬೆಳೆದಿದ್ದ ಮೆಂತ್ಯದೊಳಗೆ ಹಾರಿ ಇಡೀ ಸಾಲನ್ನು ಕೆದರಿಹಾಕಿತು. ಆಮೇಲೆ ಬಂದವನು ಹುಲೆಪ್ಪ. ಕಳ್ಳ ಸಿಕ್ಕನೋ ಇಲ್ಲವೋ ಎಂದು ನೋಡದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಇಣುಕಲು ಹೋಗಿ ಮುಳ್ಳಿನ ಮೇಲೆ ಕುಕ್ಕರಿಸಿದ.

"ಸತ್ನ್ಯೋ! ಧೋತರ ಬಿಡಸ್ರಿ ಕಂಟ್ರೋಲರ!"

ಧೋತರ ಬಿಡಿಸುವ ಜಗ್ಗಾಟದಲ್ಲಿ ಇಬ್ಬರೂ ಸೇರಿ ಕೋಳಿ ಉಳಿಸಿದ್ದ ಮೆಂತ್ಯವನ್ನು ತುಳಿದು ಮುಗಿಸಿದರು. ಅಣ್ಣಾರಾಯನಿಗೆ ಅಳು ಬರುವಂತಾಯಿತು. ಆದರೂ ಬದನೆ ಇನ್ನೂ ಉಳಿದಿದೆ ಎಂದು ಸಮಾಧಾನ ಮಾಡಿಕೊಂಡು ಮತ್ತೆ ಬಣವೆ ಸೇರಿದ.

ಸ್ವಲ್ಪ ಹೊತ್ತಿಗೆ ಬದನೆ ಗಿಡ ಅಲುಗಾಡಿತು. ಮುಳ್ಳು ಸರಿದಿದ್ದ ಕಡೆಯಿಂದ ಬಂದ, ತಲೆತುಂಬ ಸೆರಗು ಹೊದ್ದ ಯಾರೋ ಬಗ್ಗಿ, ಅವಸರವೇ ಇಲ್ಲದೆ ಕಾಯಿ ಕೀಳುತ್ತಿದ್ದರು. ಅಣ್ಣಾರಾಯ ಇದ್ದಬದ್ದ ಉಸಿರನ್ನೆಲ್ಲ ಸೀಟಿಗೆ ಕೊಟ್ಟ. ಇಮಾಮಸಾಬರು ಓಡಿ ಬಂದರು, ಹುಲೆಪ್ಪ ಕುಂಟುತ್ತ ಬಂದ, ಮಾಣಿಕಮ್ಮ ರೊಟ್ಟಿಯ ಬುಟ್ಟಿ ಹೊತ್ತೇ ಬಂದಳು.

"ಸಿಕ್ಕ ಕಳ್ಳ!"

ಸೆರಗು ಸರಿಸಿ ಎದ್ದು ನಿಂತವಳು ಓಣಿಯ ಕೊನೆಯ ಮನೆಯ ಗುರುಬಾಯಿ ಆಯಿ. ಕೈಯಲ್ಲಿ ಎರಡು ಬದನೆಕಾಯಿ, ಪಕ್ಕದಲ್ಲಿ ಅಡುಗೆಯ ಬುಟ್ಟಿ.

"ಯಾಕೋ ತಮ್ಮಾ, ಹಬ್ಬದ ದಿನಾನೂ ಬಸ್ ಬಿಡಾಕತ್ತಿ?"

"ಆಯಿ, ನೀವಾ? ನನ್ನ ಮಡಿಯಾಗ ಯಾಕ ಕಾಯಿ ಹರೀತೀರಿ?"

"ನಿನ್ನ ಮಡಿ? ಪೂಜಿಗಂತ ನನ್ನ ಮಡಿಯಾಗ ನಾ ಹರೀಬಾರ್ದೇನು?"

ಅಣ್ಣಾರಾಯ ಇಮಾಮಸಾಬರ ಕಡೆ ತಿರುಗಿದ. "ಹೇಳ್ರಿ ಮುನಶಿಯವರ, ನಂದು ಮೂರನೇದು ಹೌದಿಲ್ಲೋ?"

"ಹೌದ್ರಿ." ಇಮಾಮಸಾಬರು ಕೋಲೆತ್ತಿ ಬಲ ತುದಿಯಿಂದ ಶುರು ಮಾಡಿದರು. "ಒಂದು, ಎರಡು, ಮೂರು." ಕೋಲು ಹೋಗಿ ನಿಂತದ್ದು ಕಲ್ಲಿನ ಗುಡ್ಡೆಯ ಮೇಲೆ.

"ಎಡಗಡೆಯಿಂದ ಎಣಸ್ರಿ!"

"ಅರೇ, ಎಡಗಡೆಯಿಂದ ಯಾರು ಎಣಸ್ತಾರ ಭಾಯಿ? ಬರಿಯೂದು, ಓದೂದು, ಎಣಸೂದು ಎಲ್ಲಾ ಬಲಗಡೆಯಿಂದ. ಅವತ್ತ ಬಂದೋರಿಗೆಲ್ಲಾ ಕೋಲು ಹಿಡಿದು ತೋರಿಸೇನಿ. ನೀವಷ್ಟ ಬಂದಿರ್ಲಿಲ್ಲ."

"ಮತ್ತ ಇಷ್ಟು ದಿನಾ ಯಾರೂ ಯಾಕ ಹೇಳಲಿಲ್ಲ?"

"ತನ್ನ ಮಡಿ ಬೀಳು ಬಿಟ್ಟು ಮುದುಕಿದು ಮಾಡಾಕತ್ತಾನ, ಎಂಥಾ ದೊಡ್ಡ ಮನಸು ಅಂತ ಓಣಿಯೆಲ್ಲಾ ಹೊಗಳಾಕತ್ತಿತ್ತು" ಅಂದ ಹುಲೆಪ್ಪ.

"ನಾ ಮೊದಲನೇ ದಿನಾನ ಹೇಳಾಕ ಬಂದಿದ್ದೆ" ಅಂದಳು ಆಯಿ. "ನೀ ಸೀಟಿ ಊದಿ, ದೂರ ಸರೀರಿ ಅಂದಿ. ಕಾಯಕ ಮಾಡೋ ಶರಣಗ ಅಡ್ಡ ಬರಬಾರ್ದಂತ ಸುಮ್ಮನಾದೆ. ನನಗೂ ಮೊಣಕಾಲು ಬ್ಯಾನಿ."

ಅಣ್ಣಾರಾಯ ಸೀಟಿಯನ್ನು ಮೆಲ್ಲಗೆ ಕಿಸೆಗೆ ಇಳಿಸಿದ. ಅಷ್ಟರಲ್ಲಿ ಕಾಲುದಾರಿಯ ಕೊನೆಗೆ ಮಾವನ ಬಿಳಿ ರುಮಾಲು ಕಂಡಿತು. ಕಂಟ್ರೋಲರ್ ರಜೆಯಲ್ಲಿದ್ದ ಆ ದಿನ ಬಸ್ಸು ವೇಳೆಗೆ ಸರಿಯಾಗಿ ಬಂದಿತ್ತು. ಅಣ್ಣಾರಾಯನ ಮುಖ ನೋಡಿ ಹುಲೆಪ್ಪನಂಥ ಹುಲೆಪ್ಪನೇ ಬಾಯಿ ಮುಚ್ಚಿಕೊಂಡ.

"ಬರ್ರಿ ಸಾವಕಾರ್ರ" ಎಂದು ಆಯಿಯೇ ಕರೆದಳು. "ನಮ್ಮ ಹೊಲದಾಗ ಕಾಲಿಟ್ಟೀರಿ, ಉಂಡ ಹೋಗಬೇಕು. ಎಲ್ಲಾರೂ ಕೂಡ್ರಿ."

ಚರಗ ಚೆಲ್ಲಿ ಎಲ್ಲರೂ ಪಂಕ್ತಿ ಕೂತರು. ಬಡಿಸಲು ಬಂದ ಆಯಿಯ ಕಿವಿಯಲ್ಲಿ ಹುಲೆಪ್ಪ ಬೆಳಗಿನ ಕಾಯ್ದೆಯನ್ನು ಊದಿದ. ಸಜ್ಜೆ ರೊಟ್ಟಿ, ಹಸಿ ಕಡಲೆಯ ಭಜ್ಜಿ ಪಲ್ಯ, ಅದರಲ್ಲಿ ಬೆಳಗ್ಗೆ ಮಾಯವಾಗಿದ್ದ ಬದನೆಕಾಯಿ. ತಿಂಗಳುಗಟ್ಟಲೆ ನೀರು ಹೊತ್ತು ಬೆಳೆಸಿದ ಕಾಯಿಯನ್ನು ಅಣ್ಣಾರಾಯ ಮೊದಲ ಸಲ ಬಾಯಿಗಿಟ್ಟ, ಅದೂ ಅತಿಥಿಯಾಗಿ. ಬೆಣ್ಣೆಯಂತಿತ್ತು.

"ಅಳಿಯಂದ್ರ, ನಿಮ್ಮ ಮಡಿ ಯಾವುದ್ರಿ?" ಬಸವಂತರಾಯರು ಕೇಳಿದರು.

ಅಣ್ಣಾರಾಯ ಕಲ್ಲಿನ ಗುಡ್ಡೆಯ ಕಡೆ ಕೈ ಮಾಡಿದ. ಮಾಣಿಕಮ್ಮ ಸೆರಗು ಬಾಯಿಗಿಟ್ಟುಕೊಂಡಳು.

"ಅನ್ಕೊಂಡಿದ್ದೆ" ಅಂದರು ಮಾವ, ಭಾರಿ ಖುಷಿಯಿಂದ. "ಕಲ್ಲಂತೂ ಚಲೋ ಬೆಳದಾವ್ರಿ! ಈ ಆಯಿ ಬದನಿ ನೋಡ್ರಿ. ಆಯಿ, ನಿಮ್ಮ ಆಳು ಯಾರ್ರಿ?"

"ಒಬ್ಬ ಶರಣ ಅದಾನ್ರಿ. ಪಗಾರಿಲ್ಲ, ಕೂಳಿಲ್ಲ. ಹೊತ್ತು ಹುಟ್ಟೋ ಮೊದಲ ಬಂದು ನಿಂತಿರ್ತಾನ."

"ಅಳಿಯಂದ್ರ, ನೀವೇನೂ ಬೆಳಿಯೂದು ಬ್ಯಾಡ. ಇಂಥಾ ಆಳು ಒಬ್ಬನ್ನ ನಮ್ಮ ಹೊಲಕ್ಕ ಹುಡುಕಿ ಕೊಡ್ರಿ, ನಿಮ್ಮನ್ನ ಊರ ತುಂಬಾ ಹೊಗಳ್ತೇನಿ."

"ಇಂವ ಮಾತ್ರ ಸಿಗಂಗಿಲ್ರಿ" ಅಂದಳು ಆಯಿ. "ಮುಂದಿನ ಎಳ್ಳಮಾಸಿ ತನಕಾ ನಮ್ಮ ಮಡಿಗೆ ನೀರು ಹಾಕ್ತೇನಂತ ಮುನಶಿಯವರ ಮುಂದ ಮಾತು ಕೊಟ್ಟಾನ."

"ಮಂಜೂರ್ ಆಗೇದ್ರಿ" ಅಂದರು ಇಮಾಮಸಾಬರು, ರೊಟ್ಟಿ ಮುರಿಯುತ್ತ.

ಅಣ್ಣಾರಾಯ ಒಂದು ಸಲ ಕಲ್ಲಿನ ಗುಡ್ಡೆ ನೋಡಿದ, ಒಂದು ಸಲ ಮಾವನನ್ನು ನೋಡಿದ, ಆಮೇಲೆ ತಾಟನ್ನು ಮುಂದೆ ಚಾಚಿದ.

"ಆಯಿ, ಇನ್ನೊಂದು ಬದನಿಕಾಯಿ ಹಾಕ್ರಿ."

ಆಯಿ ಎರಡು ಹಾಕಿದಳು. "ಹೊಟ್ಟಿ ತುಂಬಾ ತಿನ್ನಪಾ ತಮ್ಮಾ" ಅಂದಳು. "ನಾಳೆ ಹೊತ್ತು ಹುಟ್ಟೋ ಮೊದಲ ಏಳಬೇಕಲ್ಲ."